‘ಪಾರ್ಟು ಸಿಗುವುದಿಲ್ಲ’: ಸಣ್ಣ ಔಟ್‌ಬೋರ್ಡ್ ಎಂಜಿನ್ನಿನ ಬಿಡಿಭಾಗಗಳ ಗುರುತು ಕುರಿತು ಒಂದು ಟಿಪ್ಪಣಿ

1. ದೂರು

ಉಡುಪಿ ಮತ್ತು ಉತ್ತರ ಕನ್ನಡದ ಕಡಲ ಬದಿಯಲ್ಲಿ ನಾಡದೋಣಿಯ ಹಿಂಬದಿ ಹಲಗೆಗೆ ಕಚ್ಚಿಸಿಕೊಂಡಿರುವ ಸಣ್ಣ ಎಂಜಿನ್ನನ್ನು ಎಲ್ಲರೂ ‘ಓಬಿಎಂ’ ಎನ್ನುತ್ತಾರೆ. ಔಟ್‌ಬೋರ್ಡ್ ಮೋಟಾರು ಎಂಬ ಮೂರು ತುಂಡಿನ ಹೆಸರು ಬಾಯಿಂದ ಬಾಯಿಗೆ ಸವೆದು ಉಳಿದ ರೂಪ ಅದು. ಇಬ್ಬರು ಎತ್ತಿ ದಡಕ್ಕೆ ತರಬಹುದಾದ, ತಿರುಪು ಸಡಿಲಿಸಿ ಮನೆಗೆ ಹೊತ್ತೊಯ್ಯಬಹುದಾದ ಎಂಜಿನ್ನು. ಅದು ಕೆಟ್ಟು ನಿಂತಾಗ ದಡದಲ್ಲಿ ಮೊದಲು ಕೇಳುವ ಮಾತು ‘ಪಾರ್ಟು ಸಿಗುವುದಿಲ್ಲ’ ಎಂಬುದು.

ಈ ಟಿಪ್ಪಣಿಯ ಉದ್ದೇಶ ಆ ಮಾತನ್ನು ಪರೀಕ್ಷಿಸುವುದು. ನನ್ನ ವಾದ ಇಷ್ಟು: ಸಣ್ಣ ಎಂಜಿನ್ನುಗಳ ಮಟ್ಟಿಗೆ ‘ಸಿಗುವುದಿಲ್ಲ’ ಎನ್ನಿಸಿಕೊಳ್ಳುವ ಭಾಗಗಳಲ್ಲಿ ಬಹುಪಾಲು ಎಲ್ಲೋ ಒಂದು ಕಪಾಟಿನಲ್ಲಿ ಇವೆ. ಕಳೆದುಹೋಗಿರುವುದು ಅವುಗಳ ಹೆಸರು. ಅಂಗಡಿಯವನಿಗೆ ‘ಹತ್ತು ಎಚ್‌ಪಿಯ ಪಂಪಿನ ರಬ್ಬರು ಕೊಡಿ’ ಎಂದರೆ ಅವನು ಕೊಡುವುದು ಒಂದು ಊಹೆ. ಎಂಜಿನ್ನಿನ ಮಾದರಿ ಮತ್ತು ಭಾಗದ ಸಂಖ್ಯೆ ಹೇಳಿದರೆ ಕೊಡುವುದು ಭಾಗ. ಆ ಸಂಖ್ಯೆ ಹೇಗೆ ಕಟ್ಟಲ್ಪಟ್ಟಿದೆ, ಅದನ್ನು ಹೇಗೆ ಬಿಡಿಸಿ ಓದಬೇಕು, ಯಾವ ಭಾಗಕ್ಕೆ ಸಂಖ್ಯೆಯ ಹಂಗೇ ಬೇಡ ಎಂಬುದನ್ನು ಮುಂದೆ ನೋಡಲಾಗಿದೆ. ಜೊತೆಗೆ, ಭಾಗ ಹುಡುಕುವ ಗತಿಯೇ ಬರದಂತೆ ಎಂಜಿನ್ನನ್ನು ಇಟ್ಟುಕೊಳ್ಳುವ ಕ್ರಮವನ್ನೂ ಅಲ್ಲಲ್ಲಿ ಸೇರಿಸಿದೆ.

2. ವ್ಯಾಪ್ತಿ

ಸಣ್ಣ ಎಂಜಿನ್ ಎಂದರೆ ಇಲ್ಲಿ 2ರಿಂದ 15 ಅಶ್ವಶಕ್ತಿಯವರೆಗಿನವು. ನಮ್ಮ ಕರಾವಳಿಯಲ್ಲಿ 9.9 ಅಶ್ವಶಕ್ತಿಗೆ ವಿಶೇಷ ಮಹತ್ವವಿದೆ. ಪಶ್ಚಿಮ ಕರಾವಳಿಯ ಮಳೆಗಾಲದ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಮೋಟರೀಕೃತ ನಾಡದೋಣಿಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಟ್ರಾಲರುಗಳು ಬಂದರಿನಲ್ಲಿ ಕಟ್ಟಿಕೊಂಡಿರುವ ಎರಡು ತಿಂಗಳು ಈ ಪುಟ್ಟ ಎಂಜಿನ್ನುಗಳ ಪಾಲಿಗೆ ದುಡಿಮೆಯ ಕಾಲ. ಕಡಲು ಕುದಿಯುವ, ಅಳಿವೆಯ ನೀರು ಕೆಸರಾಗುವ ಕಾಲವೂ ಅದೇ. ಹೀಗಾಗಿ ಇವುಗಳಿಗೆ ಹೆಚ್ಚಿನ ಸವೆತ ಬರುವ ಋತುವೂ ಭಾಗ ತುರ್ತಾಗಿ ಬೇಕಾಗುವ ಋತುವೂ ಒಂದೇ ಆಗುತ್ತದೆ.

ಔಟ್‌ಬೋರ್ಡ್ ಎಂಜಿನ್ನಿನ ಹುಟ್ಟು ಅಮೆರಿಕದ್ದು. ಡೆಟ್ರಾಯ್ಟಿನ ಕ್ಯಾಮರೂನ್ ವಾಟರ್‌ಮನ್ 1900ರ ದಶಕದ ನಡುವೆ ಇಂಥ ಎಂಜಿನ್ ಮಾಡಿ ಮಾರಿದ. ನಾರ್ವೆಯಲ್ಲಿ ಹುಟ್ಟಿ ಮಿಲ್ವಾಕಿಯಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್ 1909ರಲ್ಲಿ ಒಂದೂವರೆ ಅಶ್ವಶಕ್ತಿಯ ಎಂಜಿನ್ನನ್ನು ಮಾರುಕಟ್ಟೆಗೆ ತಂದು ಅದನ್ನು ಉದ್ಯಮವಾಗಿಸಿದ. ಜಪಾನಿನಲ್ಲಿ ಟೊಹಾಟ್ಸು 1956ರಲ್ಲಿ, ಯಮಾಹಾ 1960ರಲ್ಲಿ ‘ಪಿ-7’ ಮಾದರಿಯೊಂದಿಗೆ, ಸುಜುಕಿ 1965ರಲ್ಲಿ ‘ಡಿ55’ ಮಾದರಿಯೊಂದಿಗೆ ಈ ಕ್ಷೇತ್ರಕ್ಕೆ ಬಂದವು. ನಮ್ಮ ದೋಣಿಗಳ ಮೇಲಿರುವುದು ಹೆಚ್ಚಾಗಿ ಈ ಜಪಾನಿ ಕುಲದ ಎರಡು ಸ್ಟ್ರೋಕಿನ ಎಂಜಿನ್ನುಗಳು. ಅದರಲ್ಲೂ ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವ ಬಗೆಯವು.

ಕುಲ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಮೇಲಿನ ಮುಚ್ಚಳದ ಮೇಲೆ ಅಂಟಿಸಿದ ಹೆಸರು ಬೇರೆ, ಒಳಗಿನ ಎಂಜಿನ್ನಿನ ಕುಲ ಬೇರೆ ಇರಬಹುದು. ಮರ್ಕ್ಯುರಿಯ ಒಡೆಯನಾದ ಬ್ರನ್ಸ್‌ವಿಕ್ ಕಂಪನಿಯೂ ಟೊಹಾಟ್ಸುವೂ 1988ರಲ್ಲಿ ಜಂಟಿ ಉದ್ಯಮ ಕಟ್ಟಿದವು. ಮರ್ಕ್ಯುರಿ ಹೆಸರಿನ ಸಣ್ಣ ನಾಲ್ಕು ಸ್ಟ್ರೋಕ್ ಎಂಜಿನ್ನುಗಳು ತಯಾರಾಗುವುದು ಟೊಹಾಟ್ಸುವಿನಲ್ಲಿ. ಅಮೆರಿಕದಲ್ಲಿ ‘ನಿಸ್ಸಾನ್ ಮರೀನ್’ ಹೆಸರಿನಲ್ಲಿ ಮಾರಾಟವಾದದ್ದೂ ಟೊಹಾಟ್ಸುವೇ. ಹಳೆಯ ‘ಮ್ಯಾರಿನರ್’ ಎಂಜಿನ್ನುಗಳಲ್ಲಿ ಹಲವು ಯಮಾಹಾ ತಯಾರಿಕೆ. 2000ದ ದಶಕದಲ್ಲಿ ಬಂದ ‘ಜಾನ್ಸನ್’ ಹೆಸರಿನ ನಾಲ್ಕು ಸ್ಟ್ರೋಕ್ ಎಂಜಿನ್ನುಗಳು ಸುಜುಕಿಯವು. ಆದ್ದರಿಂದ ಒಂದು ಹೆಸರಿನ ಅಂಗಡಿಯಲ್ಲಿ ಇಲ್ಲದ ಭಾಗ ಇನ್ನೊಂದು ಹೆಸರಿನ ಅಂಗಡಿಯಲ್ಲಿ ಸಿಕ್ಕರೆ ಅದನ್ನು ಅದೃಷ್ಟ ಎನ್ನಬೇಕಾಗಿಲ್ಲ. ಅದು ವಂಶಾವಳಿ.

3. ಸಂಖ್ಯೆಯ ರಚನೆ

ಯಮಾಹಾದ ಒಂದು ಸಂಖ್ಯೆಯನ್ನು ಎತ್ತಿಕೊಳ್ಳೋಣ: 63ವಿ-44352-01. ನೋಡಲು ಗೋದಾಮಿನ ಲೆಕ್ಕದಂತೆ ಕಾಣುವ ಇದು ಮೂರು ಭಾಗದ ವಾಕ್ಯ. ಮೊದಲ ಮೂರು ಅಕ್ಷರಗಳು ಎಂಜಿನ್ನಿನ ಕುಲ ಹೇಳುತ್ತವೆ: 63ವಿ ಎಂದರೆ 9.9 ಮತ್ತು 15 ಅಶ್ವಶಕ್ತಿಯ, ಎರಡು ಸಿಲಿಂಡರಿನ ಎರಡು ಸ್ಟ್ರೋಕ್ ಎಂಜಿನ್ನಿನ ಬಳಗ. ನಡುವಿನ ಐದು ಅಂಕೆ ಭಾಗದ ಕೆಲಸ ಹೇಳುತ್ತವೆ: 44352 ಎಂದರೆ ನೀರಿನ ಪಂಪಿನ ರಬ್ಬರು ರೆಕ್ಕೆಚಕ್ರ, ಇಂಪೆಲ್ಲರ್. ಯಮಾಹಾದ ಯಾವ ಎಂಜಿನ್ನಿನಲ್ಲೂ 44352 ಇಂಪೆಲ್ಲರೇ. ಕೊನೆಯ ಎರಡು ಅಂಕೆ ಪರಿಷ್ಕರಣೆಯ ಗುರುತು. 00 ಮೊದಲ ರೂಪ, 01 ತಿದ್ದಿದ ರೂಪ.

ಇದೇ ರೀತಿ 24410 ಇಂಧನ ಪಂಪು, 14301 ಕಾರ್ಬುರೇಟರ್, 11181 ಹೆಡ್ಡಿನ ಗ್ಯಾಸ್ಕೆಟ್, 11631 ಪಿಸ್ಟನ್. ನಡುವೆ ಡಬ್ಲ್ಯು0078 ಎಂದಿದ್ದರೆ ಅದು ಬಿಡಿ ಭಾಗವಲ್ಲ, ನೀರಿನ ಪಂಪಿನ ಇಡೀ ದುರಸ್ತಿ ಕಿಟ್ಟು. ಇಂಥ ಹತ್ತಾರು ನಡು ಸಂಖ್ಯೆಗಳನ್ನು ಕಲಿತ ಮೆಕ್ಯಾನಿಕ್ಕು ಕಂಡರಿಯದ ಎಂಜಿನ್ನಿನ ಪುಟವನ್ನೂ ಓದಬಲ್ಲ.

ಇಲ್ಲಿ ಎಡವುವುದು ಮೊದಲ ಮೂರು ಅಕ್ಷರಗಳಲ್ಲಿ. ಯಮಾಹಾದ ಹಳೆಯ 9.9 ಮತ್ತು 15 ಅಶ್ವಶಕ್ತಿ ಎಂಜಿನ್ನುಗಳ ಕುಲಸಂಖ್ಯೆ 682. ಅದರ ಇಂಪೆಲ್ಲರು 682-44352. ಅಶ್ವಶಕ್ತಿ ಅದೇ, ಕಂಪನಿ ಅದೇ, ಕೆಲಸ ಅದೇ. ಕುಲ ಬೇರೆ, ಆದ್ದರಿಂದ ರಬ್ಬರೂ ಬೇರೆ. ‘ಹತ್ತು ಎಚ್‌ಪಿ ಯಮಾಹಾ’ ಎಂಬ ವಿವರಣೆ ಸಾಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ಇನ್ನೊಂದು ದಿಕ್ಕಿನಿಂದಲೂ ನೋಡಬೇಕು. ಒಂದೇ ಕುಲದ 9.9 ಮತ್ತು 15 ಅಶ್ವಶಕ್ತಿ ಎಂಜಿನ್ನುಗಳ ಬ್ಲಾಕು ಒಂದೇ, ಎರಡೂ 246 ಸಿಸಿ. ಹೀಗಾಗಿ ಮುಚ್ಚಳದ ಮೇಲಿನ ಅಂಕೆ ಬೇರೆಯಾದರೂ ಪಿಸ್ಟನ್ನು, ಪಂಪು ಮೊದಲಾದ ಬಹಳ ಭಾಗಗಳು ಹೊಂದುತ್ತವೆ. ಶಕ್ತಿಯ ವ್ಯತ್ಯಾಸ ಮುಖ್ಯವಾಗಿ ಗಾಳಿ ಮತ್ತು ಇಂಧನ ಒಳಹೋಗುವ ದಾರಿಯಲ್ಲಿದೆ.

ಸುಜುಕಿಯಲ್ಲಿ ಪದಕ್ರಮ ತಿರುಗುಮುರುಗು. 17461-93903 ಎಂಬಲ್ಲಿ ಮೊದಲ ಐದು ಅಂಕೆ ಕೆಲಸವನ್ನು, ಅಂದರೆ ಇಂಪೆಲ್ಲರನ್ನು, ಹೇಳುತ್ತವೆ. ಕುಲ ಅದರ ನಂತರ ಬರುತ್ತದೆ. 939 ಎಂಬುದು ಡಿಟಿ9.9 ಮತ್ತು ಡಿಟಿ15 ಎಂಜಿನ್ನುಗಳ ಗುರುತು. ಟೊಹಾಟ್ಸು ಯಮಾಹಾದ ಹಾಗೆ ಕುಲವನ್ನು ಮುಂದಿಡುತ್ತದೆ: 369-65021-1 ಎಂದರೆ 4 ಮತ್ತು 5 ಅಶ್ವಶಕ್ತಿಯ ಎಂಜಿನ್ನಿನ ಇಂಪೆಲ್ಲರ್, 3ಬಿ2-65021-1 ಎಂದರೆ 8 ಮತ್ತು 9.8 ಅಶ್ವಶಕ್ತಿಯದು. ಮರ್ಕ್ಯುರಿ ಸಂಖ್ಯೆಯಲ್ಲಿ ಮೊದಲೆರಡು ಅಂಕೆ ಜಾತಿ ಹೇಳುತ್ತವೆ: 47 ಇಂಪೆಲ್ಲರ್, 27 ಗ್ಯಾಸ್ಕೆಟ್, 26 ಆಯಿಲ್ ಸೀಲ್, 48 ಪ್ರೊಪೆಲ್ಲರ್. ಮರ್ಕ್ಯುರಿಯ 47-16154-1 ಮತ್ತು ಮೇಲೆ ಹೇಳಿದ ಟೊಹಾಟ್ಸುವಿನ 369-65021-1 ಒಂದೇ ರಬ್ಬರಿನ ಎರಡು ಹೆಸರು. ಹಿಂದಿನ ಭಾಗದಲ್ಲಿ ಹೇಳಿದ ವಂಶಾವಳಿ ಹೀಗೆ ಸಂಖ್ಯೆಯಲ್ಲೂ ಕಾಣಸಿಗುತ್ತದೆ.

ಎವಿನ್‌ರೂಡ್ ಮತ್ತು ಜಾನ್ಸನ್ ಎರಡನ್ನೂ ತಯಾರಿಸುತ್ತಿದ್ದ ಓಎಂಸಿ ಕಂಪನಿಯ ಭಾಗ ಸಂಖ್ಯೆಗಳಲ್ಲಿ ಇಂಥ ಒಳ ವ್ಯಾಕರಣ ಇಲ್ಲ. ಅವು ಸರತಿಯ ಆರಂಕಿಗಳು. ಆದರೆ ಅದರ ಮಾದರಿ ಸಂಖ್ಯೆಯಲ್ಲಿ ಒಂದು ಸೊಗಸಾದ ಗುಟ್ಟಿದೆ. 1980ರಿಂದ ಮುಂದೆ ಎಂಜಿನ್ನಿನ ವರ್ಷವನ್ನು ಎರಡು ಅಕ್ಷರಗಳಲ್ಲಿ ಬಚ್ಚಿಟ್ಟರು. ಕೀಲಿ ‘ಇಂಟ್ರೊಡ್ಯೂಸಸ್’ ಎಂಬ ಹತ್ತಕ್ಷರದ ಇಂಗ್ಲಿಷ್ ಪದ, ಒಂದಕ್ಷರವೂ ಮರುಕಳಿಸದ್ದು: ಐ 1, ಎನ್ 2, ಟಿ 3, ಆರ್ 4, ಓ 5, ಡಿ 6, ಯು 7, ಸಿ 8, ಇ 9, ಎಸ್ 0. ಮಾದರಿ ಸಂಖ್ಯೆಯ ಕೊನೆಯಲ್ಲಿ ‘ಸಿಯು’ ಎಂದಿದ್ದರೆ 87, ಅಂದರೆ 1987ರ ಎಂಜಿನ್ನು. ‘ಇಟಿ’ ಎಂದಿದ್ದರೆ 1993. ನಮ್ಮ ಜ್ಯೋತಿಷಿಗಳೂ ಸಂಗೀತಶಾಸ್ತ್ರಜ್ಞರೂ ಕಟಪಯಾದಿಯಲ್ಲಿ ಅಕ್ಷರದೊಳಗೆ ಅಂಕೆ ಇಟ್ಟದ್ದನ್ನು ಬಲ್ಲವರಿಗೆ ಈ ಉಪಾಯ ಹೊಸದಲ್ಲ. ಮೇಳಕರ್ತ ರಾಗದ ಹೆಸರಿನ ಮೊದಲೆರಡು ಅಕ್ಷರದಿಂದ ಅದರ ಕ್ರಮಸಂಖ್ಯೆ ತೆಗೆಯುವಂತೆ ಇಲ್ಲಿ ವರ್ಷ ತೆಗೆಯಬೇಕು. ಒಂದು ಭೇದವಿದೆ: ಕಟಪಯಾದಿಯಲ್ಲಿ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು, ಇಲ್ಲಿ ಎಡದಿಂದ ಬಲಕ್ಕೆ. ಓಎಂಸಿ 2000ದ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಮರುವರ್ಷ ಬೊಂಬಾರ್ಡಿಯರ್ ಕೊಂಡ ಎವಿನ್‌ರೂಡ್ ಹೆಸರಿನ ತಯಾರಿಕೆ 2020ರಲ್ಲಿ ನಿಂತಿತು. ಆದರೂ 1974ರಿಂದೀಚಿನ 9.9 ಮತ್ತು 15 ಅಶ್ವಶಕ್ತಿಯ ಓಎಂಸಿ ಎಂಜಿನ್ನುಗಳ ಇಂಪೆಲ್ಲರನ್ನು ಬೇರೆ ತಯಾರಕರು 386084 ಎಂಬ ಅದೇ ಹಳೆಯ ಸಂಖ್ಯೆಯ ಆಧಾರದ ಮೇಲೆ ಒದಗಿಸುತ್ತಾರೆ. ಕಂಪನಿ ಮುಚ್ಚಿದರೂ ಸಂಖ್ಯೆ ಉಳಿದಿದೆ.

ಮಾದರಿಯ ಹೆಸರನ್ನೂ ಓದಲು ಕಲಿಯಬೇಕು. ಸುಜುಕಿಯಲ್ಲಿ ‘ಡಿಟಿ’ ಎರಡು ಸ್ಟ್ರೋಕು, ‘ಡಿಎಫ್’ ನಾಲ್ಕು ಸ್ಟ್ರೋಕು. ಯಮಾಹಾದಲ್ಲಿ ‘ಎಫ್’ ಎಂದರೆ ನಾಲ್ಕು ಸ್ಟ್ರೋಕು, ‘ಇ’ ಎಂದರೆ ದುಡಿಮೆಗೆಂದೇ ಮಾಡಿದ ಎಂಡ್ಯೂರೊ ಮಾಲಿಕೆ, ‘ಇಕೆ’ ಎಂದರೆ ಅದರ ಸೀಮೆಎಣ್ಣೆ ರೂಪ. ಹಿಂಬದಿಯ ‘ಎಂಎಚ್’ ಕೈಯಿಂದ ಹಗ್ಗ ಎಳೆದು ಚಾಲೂ ಮಾಡಿ ಹಿಡಿಕೆಯಿಂದ ತಿರುಗಿಸುವ ಬಗೆಯನ್ನು ಸೂಚಿಸುತ್ತದೆ. ಕಡೆಯಲ್ಲಿ ‘ಎಸ್’ ಇದ್ದರೆ 15 ಇಂಚಿನ ಗಿಡ್ಡ ಕಾಲು, ‘ಎಲ್’ ಇದ್ದರೆ 20 ಇಂಚಿನ ಉದ್ದ ಕಾಲು. ಡ್ರೈವ್ ಶಾಫ್ಟು ಮತ್ತು ನೀರಿನ ಕೊಳವೆ ಕೊಳ್ಳುವಾಗ ಈ ಒಂದಕ್ಷರ ತಪ್ಪಿದರೆ ತಂದದ್ದು ವ್ಯರ್ಥ. ಇಂಪೆಲ್ಲರಿಗೆ ಇದರಿಂದ ವ್ಯತ್ಯಾಸವಿಲ್ಲ.

4. ಮೂರು ಬಗೆಯ ಭಾಗಗಳು

ಸಂಖ್ಯೆಯನ್ನು ಬಿಡಿಸಿ ಓದಿದ ಮೇಲೆ ಭಾಗಗಳನ್ನು ಮೂರು ಗುಂಪಾಗಿ ವಿಂಗಡಿಸಬಹುದು. ಹುಡುಕಾಟದ ದಾರಿ ಗುಂಪಿನಿಂದ ಗುಂಪಿಗೆ ಬೇರೆ.

ಮೊದಲನೆಯದು ಅಳತೆಯ ಭಾಗಗಳು. ಇವು ದೋಣಿಯವೂ ಅಲ್ಲ, ಬೈಕಿನವೂ ಅಲ್ಲ, ಲೋಕಕ್ಕೆಲ್ಲ ಒಂದೇ. ಬೇರಿಂಗಿನ ಅಂಚಿನಲ್ಲಿ 6205 ಎಂದು ಕೆತ್ತಿದ್ದರೆ ಒಳವ್ಯಾಸ 25, ಹೊರವ್ಯಾಸ 52, ದಪ್ಪ 15 ಮಿಲಿಮೀಟರ್. 6203 ಎಂದಿದ್ದರೆ 17, 40, 12. ಇದಕ್ಕೆ ಓಬಿಎಂ ಅಂಗಡಿ ಬೇಕಿಲ್ಲ; ಕುಂದಾಪುರದ್ದೋ ಹೊನ್ನಾವರದ್ದೋ ಬೇರಿಂಗ್ ಅಂಗಡಿ ಸಾಕು. ಎಚ್ಚರ ಬೇಕಾದದ್ದು ಸಂಖ್ಯೆಯ ಬಾಲದಲ್ಲಿ. ಕ್ರ್ಯಾಂಕಿನ ಬೇರಿಂಗಿನ ಮೇಲೆ ‘ಸಿ3’ ಎಂದಿದ್ದರೆ ಅದು ಕಾದಾಗ ಹಿಗ್ಗಲು ಒಳಗೆ ತುಸು ಹೆಚ್ಚು ಸಡಿಲ ಬಿಟ್ಟದ್ದು. ಆ ಬಾಲ ಬಿಟ್ಟು ಬರಿಯ 6205 ತಂದರೆ ಅದು ಬಿಸಿಯಲ್ಲಿ ಬಿಗಿಯಾಗುತ್ತದೆ. ಆಯಿಲ್ ಸೀಲಿನದೂ ಇದೇ ಕತೆ. ಯಮಾಹಾದಲ್ಲಿ 93101ರಿಂದ, ಸುಜುಕಿಯಲ್ಲಿ 09283ರಿಂದ ಆರಂಭವಾಗುವ ಸಂಖ್ಯೆ ಸೀಲಿನದು. ಅದರ ಮುಂದಿನ ಎರಡಂಕೆ ಒಳವ್ಯಾಸ. 93101-20 ಎಂದು ಶುರುವಾದರೆ 20 ಮಿಲಿಮೀಟರ್ ಶಾಫ್ಟಿನದು. ಸೀಲಿನ ಮೈಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರೂ ಅಚ್ಚಾಗಿರುವುದುಂಟು. ಆದರೆ ಅಳತೆ ಹೊಂದಿದ ಮಾತ್ರಕ್ಕೆ ಗುಣ ಹೊಂದೀತೆಂದಿಲ್ಲ. ಸೀಲಿನ ತುಟಿಯನ್ನು ಶಾಫ್ಟಿಗೆ ಒತ್ತುವ ಸಣ್ಣ ಸುರುಳಿ ಸ್ಪ್ರಿಂಗು ನೆಲದ ವಾಹನದ ಸೀಲಿನಲ್ಲಿ ಸಾಮಾನ್ಯ ಉಕ್ಕಿನದಾಗಿರುತ್ತದೆ. ಉಪ್ಪುನೀರಿನಲ್ಲಿ ಅದು ತುಕ್ಕು ಹಿಡಿದು ತುಂಡಾದರೆ ಗೇರಿನೊಳಗೆ ನೀರು ನುಗ್ಗುತ್ತದೆ. ಕೊಳ್ಳುವಾಗ ಸ್ಟೇನ್‌ಲೆಸ್ ಸ್ಪ್ರಿಂಗಿನದೇ ಎಂದು ಕೇಳಬೇಕು.

ಸ್ಪಾರ್ಕ್ ಪ್ಲಗ್ಗು ಕೂಡ ಈ ಗುಂಪಿನದೇ. ಎನ್‌ಜಿಕೆ ಕಂಪನಿಯ ಬಿ7ಎಚ್‌ಎಸ್-10 ಎಂಬ ಹೆಸರಿನಲ್ಲಿ ‘ಬಿ’ 14 ಮಿಲಿಮೀಟರ್ ಮರೆ, ‘7’ ಶಾಖದ ದರ್ಜೆ, ‘ಎಚ್’ 12.7 ಮಿಲಿಮೀಟರ್ ಉದ್ದ, ‘10’ ಒಂದು ಮಿಲಿಮೀಟರ್ ಸಂದು. ಈ ಕಂಪನಿಯಲ್ಲಿ ದರ್ಜೆಯ ಅಂಕೆ ದೊಡ್ಡದಾದಷ್ಟೂ ಪ್ಲಗ್ಗು ತಂಪು. ಬೇರೆ ಕೆಲವು ಕಂಪನಿಗಳಲ್ಲಿ ಈ ಲೆಕ್ಕ ಉಲ್ಟಾ ಇರುವುದರಿಂದ ಹೆಸರು ಬದಲಿಸುವಾಗ ಹೋಲಿಕೆಯ ಪಟ್ಟಿ ನೋಡದೆ ಕೊಳ್ಳಬಾರದು.

ಎರಡನೆಯದು ಬಳಗದ ಭಾಗಗಳು: ಒಂದು ಕುಲದ ಹಲವು ಎಂಜಿನ್ನುಗಳಿಗೆ, ಒಮ್ಮೊಮ್ಮೆ ಹಲವು ಕಂಪನಿ ಹೆಸರುಗಳಿಗೆ ಹೊಂದುವಂಥವು. ಇಂಪೆಲ್ಲರು, ಇಂಧನ ಪಂಪಿನ ಡಯಾಫ್ರಾಮು, ಪ್ರೊಪೆಲ್ಲರು, ಕಾರ್ಬುರೇಟರ್ ಕಿಟ್ಟು ಇಲ್ಲಿ ಬರುತ್ತವೆ. ಇವಕ್ಕೆ ಸಂಖ್ಯೆಯೇ ಗತಿ. ಹಳೆಯ ಸಂಖ್ಯೆ ರದ್ದಾಗಿ ಹೊಸದು ಬಂದಿದ್ದರೆ ಅಂಗಡಿಯ ಪಟ್ಟಿಯಲ್ಲಿ ಒಂದರ ಎದುರು ಇನ್ನೊಂದು ಇರುತ್ತದೆ. ಗ್ರಂಥಸಂಪಾದಕರು ಪಾಠಾಂತರ ನೋಡುವಂತೆ ಅದನ್ನು ನೋಡಬೇಕು. ಸಾಮಾನ್ಯವಾಗಿ ಪರಿಷ್ಕೃತ ಭಾಗ ಹಳೆಯ ಎಂಜಿನ್ನಿಗೆ ಕೂರುತ್ತದೆ. ‘00 ಇಲ್ಲ, 01 ಇದೆ’ ಎಂದರೆ ಬರಿಗೈಯಲ್ಲಿ ಮರಳಬೇಕಾಗಿಲ್ಲ.

ಮೂರನೆಯದು ಒಂಟಿ ಭಾಗಗಳು: ಸಿಲಿಂಡರ್ ಬ್ಲಾಕು, ಕೆಳಗಿನ ಗೇರು ಪೆಟ್ಟಿಗೆಯ ಅಚ್ಚು, ಕ್ಲ್ಯಾಂಪು, ಪ್ಲಗ್ಗಿಗೆ ಕಿಡಿ ಒದಗಿಸುವ ಸಿಡಿಐ ಪೆಟ್ಟಿಗೆ. ನಿಜವಾದ ಅಭಾವ ಇರುವುದು ಈ ಗುಂಪಿನಲ್ಲಿ. ಇವಕ್ಕೆ ದಾರಿ ಹಳೆಯ ಎಂಜಿನ್ನುಗಳ ರಾಶಿ. ಗೇರು ಪೆಟ್ಟಿಗೆ ಒಡೆದ ಎಂಜಿನ್ನಿನ ತಲೆಯೂ, ತಲೆ ಸುಟ್ಟ ಎಂಜಿನ್ನಿನ ಗೇರು ಪೆಟ್ಟಿಗೆಯೂ ಸೇರಿ ಒಂದು ಜೀವಂತ ಎಂಜಿನ್ನಾಗುವುದು ದಡದ ಗ್ಯಾರೇಜುಗಳಲ್ಲಿ ವಿಶೇಷವಲ್ಲ. ಅಲ್ಲಿಯೂ ಎರಡೂ ಒಂದೇ ಕುಲದವೇ ಎಂದು ತಿಳಿಯಲು ಮೂರಕ್ಷರದ ಗುರುತೇ ಬೇಕು.

ದೂರಿನ ಸತ್ಯಾಂಶ ಈ ವಿಂಗಡಣೆಯಿಂದ ಸ್ಪಷ್ಟವಾಗುತ್ತದೆ. ಪದೇ ಪದೇ ಸವೆಯುವ ಭಾಗಗಳು ಮೊದಲ ಎರಡು ಗುಂಪಿನವು. ಮೂರನೆಯ ಗುಂಪಿನವು ಸವೆದು ಕೆಡುವುದಕ್ಕಿಂತ ಅಸಡ್ಡೆಯಿಂದ ಕೆಡುವುದು ಹೆಚ್ಚು. ಹತ್ತು ರೂಪಾಯಿಯ ವಾಷರು ಬದಲಿಸದೆ ಗೇರು ಪೆಟ್ಟಿಗೆಯನ್ನೇ ಕಳೆದುಕೊಳ್ಳುವುದು ಹೀಗೆ.

5. ಒಂದು ಪಂಪು, ಹತ್ತಿರದಿಂದ

ಸಣ್ಣ ಭಾಗದ ಅಸಡ್ಡೆ ದೊಡ್ಡ ನಷ್ಟವಾಗುವುದನ್ನು ನೀರಿನ ಪಂಪಿನಲ್ಲಿ ನೋಡಬಹುದು. ಎಂಜಿನ್ ಓಡುವಾಗ ಹಿಂಬದಿಯಿಂದ ತೆಳುವಾಗಿ ಚಿಮ್ಮುವ ನೀರಿನ ಧಾರೆ ಪಂಪಿನ ನಾಡಿ. ಅದು ನಿಂತರೆ ತಂಪು ನಿಂತಿತು. ಸಾಮಾನ್ಯ ಕಾರಣ ಎರಡು: ಧಾರೆಯ ತೂತಿಗೆ ಉಪ್ಪು, ಮರಳು ಕಟ್ಟಿರಬೇಕು, ಇಲ್ಲವೇ ಪಂಪು ಸೋತಿರಬೇಕು. ಮೊದಲು ತೆಳು ತಂತಿಯಿಂದ ತೂತು ಬಿಡಿಸಿ ನೋಡುವುದು ಮೆಕ್ಯಾನಿಕ್ಕರ ರೂಢಿ. ಆಗಲೂ ಬಾರದಿದ್ದರೆ ಕೆಳ ಪೆಟ್ಟಿಗೆ ಇಳಿಸಬೇಕು.

ಗೇರು ಬದಲಿಸುವ ಕಡ್ಡಿಯ ಕೊಂಡಿ ಕಳಚಿ, ಬೋಲ್ಟುಗಳನ್ನು ಸಡಿಲಿಸಿದರೆ ಕೆಳ ಪೆಟ್ಟಿಗೆ ಡ್ರೈವ್ ಶಾಫ್ಟಿನೊಂದಿಗೆ ಕೆಳಗಿಳಿಯುತ್ತದೆ. ಅದರ ಮೇಲೆ ಬೋಗುಣಿಯಂಥ ಪ್ಲಾಸ್ಟಿಕ್ ಮನೆ, ಒಳಗೆ ಸ್ಟೇನ್‌ಲೆಸ್ ಬಟ್ಟಲು, ಬಟ್ಟಲೊಳಗೆ ಇಂಪೆಲ್ಲರ್, ಅಡಿಯಲ್ಲಿ ಸ್ಟೇನ್‌ಲೆಸ್ ತಟ್ಟೆ ಮತ್ತು ಗ್ಯಾಸ್ಕೆಟ್ಟು. ಶಾಫ್ಟಿನ ಪಕ್ಕೆಯಲ್ಲಿ ಅರ್ಧಚಂದ್ರದಂಥ ಒಂದು ಕೀಲಿ ಇಂಪೆಲ್ಲರನ್ನು ಹಿಡಿದಿರುತ್ತದೆ. ಈ ಕೀಲಿ ಮರಳಿಗೆ ಬಿದ್ದರೆ ಸಿಗುವುದು ಕಷ್ಟ. ಕೆಳಗೆ ಒಂದು ಬಟ್ಟೆ ಹಾಸಿಕೊಳ್ಳುವವನೇ ಜಾಣ.

ಇಂಪೆಲ್ಲರಿನ ರೆಕ್ಕೆಗಳು ಬಟ್ಟಲಿನ ಮಧ್ಯಕ್ಕಿಂತ ಪಕ್ಕಕ್ಕೆ ಕೂತು ತಿರುಗುವುದರಿಂದ ಒಂದು ಬದಿಯಲ್ಲಿ ಹೆಚ್ಚು ಬಾಗುತ್ತವೆ, ಇನ್ನೊಂದು ಬದಿಯಲ್ಲಿ ನೆಟ್ಟಗಾಗುತ್ತವೆ. ನೀರು ಮೇಲೇರುವುದು ಈ ಬಾಗು ಬಿಚ್ಚುವ ಆಟದಿಂದ. ತಿಂಗಳುಗಟ್ಟಲೆ ಎಂಜಿನ್ ನಿಂತಿದ್ದರೆ ರಬ್ಬರು ಬಾಗಿದ ಭಂಗಿಯಲ್ಲೇ ಹಠ ಹಿಡಿದು ಒತ್ತಡ ಕಳೆದುಕೊಳ್ಳುತ್ತದೆ. ನೀರಿಲ್ಲದೆ ಓಡಿಸಿದರೆ ಕೆಲವೇ ಕ್ಷಣಗಳಲ್ಲಿ ಬಿಸಿಯೇರಿ ಸುಡುತ್ತದೆ. ದಡದಲ್ಲಿ ‘ಒಂದು ಸಲ ನೋಡೋಣ’ ಎಂದು ಹಗ್ಗ ಎಳೆಯುವವರು ಗಮನಿಸಬೇಕು. ಬಟ್ಟಲಿನ ಒಳಮೈಯನ್ನು ಉಗುರಿನಿಂದ ಸವರಿ ನೋಡಿ. ಗೀರು ಉಗುರಿಗೆ ಸಿಕ್ಕಿದರೆ ಹೊಸ ರಬ್ಬರು ಮಾತ್ರ ಹಾಕಿ ಪ್ರಯೋಜನವಿಲ್ಲ, ಇಡೀ ಕಿಟ್ಟು ಬೇಕು. ಅಳಿವೆಯ ಕೆಸರುನೀರಿನಲ್ಲಿ ದುಡಿಯುವ ಎಂಜಿನ್ನುಗಳಲ್ಲಿ ಬಟ್ಟಲು ಬೇಗ ಸವೆಯುವುದು ಮರಳಿನಿಂದ.

ಹಳೆಯ ರೆಕ್ಕೆಗಳನ್ನು ಎಣಿಸುವುದು ಕಡ್ಡಾಯ. ಒಂದು ರೆಕ್ಕೆ ಮುರಿದು ಕಾಣೆಯಾಗಿದ್ದರೆ ಅದು ಮೇಲಿನ ನೀರಿನ ದಾರಿಯಲ್ಲೇ ಎಲ್ಲೋ ಸಿಕ್ಕಿಕೊಂಡಿದೆ. ಅದನ್ನು ಹುಡುಕಿ ತೆಗೆಯದೆ ಹೊಸತು ಹಾಕಿದರೆ ಎಂಜಿನ್ ಮತ್ತೆ ಕಾಯುತ್ತದೆ, ದೋಷ ಹೊಸ ಭಾಗದ ತಲೆಗೆ ಬರುತ್ತದೆ. ಜೋಡಿಸುವಾಗ ಮನೆಯನ್ನು ಕೆಳಗೊತ್ತುತ್ತಲೇ ಶಾಫ್ಟನ್ನು ಮೇಲಿನಿಂದ ನೋಡಿದಂತೆ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ರೆಕ್ಕೆಗಳು ಸರಿಯಾದ ಕಡೆಗೆ ಬಾಗಿ ಕೂರುತ್ತವೆ. ನೀರಿನ ಕೊಳವೆಯ ತುದಿ ತನ್ನ ರಬ್ಬರು ಬಾಯೊಳಗೆ ಸೇರಿದೆಯೇ ಎಂದು ನೋಡದೆ ಬೋಲ್ಟು ಬಿಗಿಯಬಾರದು.

ಕೆಳ ಪೆಟ್ಟಿಗೆ ಕೈಯಲ್ಲಿರುವಾಗಲೇ ಗೇರೆಣ್ಣೆ ನೋಡಿಬಿಡುವುದು ಒಳಿತು. ಕೆಳಗಿನ ತಿರುಪು ಬಿಚ್ಚಿದಾಗ ಹರಿಯುವ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲು ಸೋತು ನೀರು ಸೇರಿದೆ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ಒತ್ತಿ, ಮೇಲಿನ ತೂತಿನಿಂದ ಹೊರಬರುವವರೆಗೆ ತುಂಬಬೇಕು. ಮೇಲಿನಿಂದ ಸುರಿದರೆ ಗಾಳಿ ಒಳಗೇ ಉಳಿಯುತ್ತದೆ. ತಿರುಪಿನಡಿಯ ಪುಟ್ಟ ವಾಷರು ಪ್ರತಿ ಸಲ ಹೊಸದಿರಲಿ.

6. ಸೀಮೆಎಣ್ಣೆ, ಪೆಟ್ರೋಲು ಮತ್ತು ಉಪ್ಪು

ಸೀಮೆಎಣ್ಣೆಗೆ ಎರಡು ದೋಷಗಳಿವೆ: ತಣ್ಣಗಿರುವಾಗ ಆವಿಯಾಗುವುದಿಲ್ಲ, ಒತ್ತಡದಲ್ಲಿ ಬೇಗ ಬಡಿದುಕೊಳ್ಳುತ್ತದೆ. ಮೊದಲನೆಯದಕ್ಕೆ ಪೆಟ್ರೋಲಿನಲ್ಲಿ ಚಾಲೂ ಮಾಡುವ ಪದ್ಧತಿ. ಎರಡನೆಯದಕ್ಕೆ ಸೀಮೆಎಣ್ಣೆ ಎಂಜಿನ್ನಿನಲ್ಲಿ ಒತ್ತಡದ ಪ್ರಮಾಣವನ್ನೇ ತಗ್ಗಿಸಿರುತ್ತಾರೆ. ಆದ್ದರಿಂದ ಹೆಡ್ಡು, ಹೆಡ್ಡಿನ ಗ್ಯಾಸ್ಕೆಟ್ಟು, ಕಾರ್ಬುರೇಟರಿನ ಜೆಟ್ಟು ಇವು ಪೆಟ್ರೋಲ್ ರೂಪದವಕ್ಕಿಂತ ಬೇರೆ ಇರಬಹುದು. ಇಲ್ಲಿ ‘ಕೆ’ ಅಕ್ಷರ ನೋಡದೆ ಕೊಂಡರೆ ಕೆಲಸ ಕೆಟ್ಟಿತು. ದಡಕ್ಕೆ ಬರುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ತುಸು ಓಡಿಸಿ ನಿಲ್ಲಿಸುವುದು ಮರುದಿನದ ಚಾಲೂವಿಗೆ ಕಟ್ಟುವ ಬುತ್ತಿ. ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಬೆಳಗಿನ ಜಾವ ಹಗ್ಗ ಎಳೆದು ತೋಳು ಸೋಲುತ್ತದೆ, ಹಗ್ಗವೂ ಸ್ಪ್ರಿಂಗೂ ಸೋಲುತ್ತವೆ. ಸೀಮೆಎಣ್ಣೆ ಮಸಿಯನ್ನೂ ಹೆಚ್ಚು ಬಿಡುತ್ತದೆ. ಮಸಿ ಪಿಸ್ಟನ್ ರಿಂಗನ್ನು ಅದು ಕೂರುವ ತೋಡಿನಲ್ಲೇ ಅಂಟಿಸಿಬಿಡುತ್ತದೆ. ಒತ್ತಡ ಕಡಿಮೆಯಾಯಿತೆಂದು ಹೊಸ ರಿಂಗು ಹುಡುಕುವ ಮೊದಲು ಹಳೆಯದು ಸವೆದಿದೆಯೋ ಬರಿದೇ ಅಂಟಿದೆಯೋ ನೋಡುವುದು ವಿವೇಕ.

ಎಣ್ಣೆಯ ಆಯ್ಕೆಯಲ್ಲೂ ಎಚ್ಚರ ಬೇಕು. ಡಬ್ಬಿಯ ಮೇಲೆ ‘ಟಿಸಿ-ಡಬ್ಲ್ಯು3’ ಎಂದಿದ್ದರೆ ಅದು ನೀರಿನಿಂದ ತಣಿಯುವ ಎರಡು ಸ್ಟ್ರೋಕ್ ಎಂಜಿನ್ನಿಗೆಂದೇ ಮಾಡಿದ, ಬೂದಿ ಉಳಿಸದ ಎಣ್ಣೆ. ಬೈಕಿನ ಎರಡು ಸ್ಟ್ರೋಕ್ ಎಣ್ಣೆಯ ಕೆಲಸ ಹೆಚ್ಚು ಬಿಸಿಯ ಜಾಗದಲ್ಲಿ. ಅದರ ಬೂದಿ ಇಲ್ಲಿ ಪ್ಲಗ್ಗಿಗೆ ಕೂರುತ್ತದೆ.

ಈಗ ಇಂಧನವೇ ಬದಲಾಗುತ್ತಿದೆ. 2023ರ ಜುಲೈ ಬಜೆಟ್ಟಿನಲ್ಲಿ ಕರ್ನಾಟಕ ಸರ್ಕಾರ ಸೀಮೆಎಣ್ಣೆ ಎಂಜಿನ್ನಿನ ಬದಲು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಅಳವಡಿಸಲು ದೋಣಿಗೆ 50,000 ರೂಪಾಯಿ ಸಹಾಯಧನ ಪ್ರಕಟಿಸಿತು. ಗುರಿ 4,000 ದೋಣಿ. ಇತ್ತ ಪೆಟ್ರೋಲು ಬಂಕುಗಳಲ್ಲಿ ಸಿಗುತ್ತಿರುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು. ಸಣ್ಣ ಔಟ್‌ಬೋರ್ಡುಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಹೇಳುವ ಮಿತಿ ಶೇ. 10. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ಹೀರಿದ್ದು ಮಿತಿ ಮೀರಿದಾಗ ನೀರೂ ಎಥನಾಲೂ ಸೇರಿ ಬೇರೆ ಪದರವಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎರಡು ಸ್ಟ್ರೋಕಿನಲ್ಲಿ ಇಂಧನದೊಂದಿಗೆ ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ನು ಹೀರುವುದು ತಳದಿಂದ. ಎಣ್ಣೆಯಿಲ್ಲದ ದ್ರವ ಸಿಲಿಂಡರಿಗೆ ಹೋದರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಮಳೆಗಾಲದ ಕಡಲ ದಡಕ್ಕಿಂತ ತೇವದ ಜಾಗ ಇನ್ನೊಂದಿಲ್ಲ. ಬೇಕಾದಷ್ಟೇ ಪೆಟ್ರೋಲು ತರುವುದು, ಉಳಿದದ್ದನ್ನು ವಾರಗಟ್ಟಲೆ ಇಡದಿರುವುದು, ಇಂಧನ ಪಂಪಿನ ಡಯಾಫ್ರಾಮು ಮತ್ತು ರಬ್ಬರು ಕೊಳವೆಯನ್ನು ಮೊದಲಿಗಿಂತ ಬೇಗ ಪರೀಕ್ಷಿಸುವುದು ಈಗಿನ ಅಗತ್ಯ. ಮುಂದಿನ ವರ್ಷಗಳಲ್ಲಿ ಅಂಗಡಿಯಲ್ಲಿ ಬೇಡಿಕೆ ಏರುವುದು ಇಂಪೆಲ್ಲರಿಗಿಂತ ಈ ರಬ್ಬರುಗಳಿಗೆ ಎಂಬುದು ನನ್ನ ಅನುಮಾನ.

ಉಪ್ಪಿನ ಮದ್ದು ಸಿಹಿನೀರು. ದಿನದ ಕೆಲಸ ಮುಗಿದ ಮೇಲೆ ಒಂದು ಡ್ರಮ್ಮಿನಲ್ಲಿ ಸಿಹಿನೀರು ತುಂಬಿ ಎಂಜಿನ್ನನ್ನು ಹತ್ತು ನಿಮಿಷ ಓಡಿಸಿದರೆ ನೀರಿನ ದಾರಿಯ ಉಪ್ಪು ಕರಗುತ್ತದೆ. ಮೈಗೆ ಬಿಗಿದ ಸತುವಿನ ತುಂಡು ತಾನು ಸವೆದು ಅಲ್ಯೂಮಿನಿಯಂ ಕಾಯುತ್ತದೆ. ಅದಕ್ಕೆ ಬಣ್ಣ ಬಳಿದರೆ ಅದರ ಕೆಲಸ ನಿಂತಂತೆ. ಸ್ಟೇನ್‌ಲೆಸ್ ಬೋಲ್ಟು ಅಲ್ಯೂಮಿನಿಯಂ ಮೈಗೆ ಕೂರುವ ಕಡೆಯೆಲ್ಲ ಗ್ರೀಸು ಸವರಬೇಕು. ಇಲ್ಲದಿದ್ದರೆ ಎರಡು ಲೋಹಗಳು ಉಪ್ಪಿನಲ್ಲಿ ಒಂದಾಗಿ, ಐದು ವರ್ಷದ ನಂತರ ಬೋಲ್ಟು ಬಿಚ್ಚುವ ಬದಲು ತುಂಡಾಗುತ್ತದೆ. ಎಂಜಿನ್ ಕಡಲಿಗೆ ಬಿದ್ದು ಮೇಲೆತ್ತಿದ್ದರೆ ಬಿಸಿಲಿಗೆ ಒಣಗಿಸುವುದು ದೊಡ್ಡ ತಪ್ಪು. ಗಾಳಿ ತಗುಲಿದೊಡನೆ ತುಕ್ಕು ಶುರುವಾಗುತ್ತದೆ. ಕೂಡಲೇ ಬಿಚ್ಚಲು ಆಗದಿದ್ದರೆ ಸಿಹಿನೀರಿನಲ್ಲಿ ಮುಳುಗಿಸಿಟ್ಟು ಮೆಕ್ಯಾನಿಕ್ಕನನ್ನು ಕರೆಯಬೇಕು.

7. ನಿಷ್ಕರ್ಷೆ

‘ಪಾರ್ಟು ಸಿಗುವುದಿಲ್ಲ’ ಎಂಬ ದೂರು ಸುಳ್ಳಲ್ಲ, ಅಪೂರ್ಣ. ಒಂಟಿ ಭಾಗಗಳ ಮಟ್ಟಿಗೆ ಅದು ನಿಜ. ಅಳತೆಯ ಭಾಗಗಳ ಮಟ್ಟಿಗೆ ಅದಕ್ಕೆ ಆಧಾರವಿಲ್ಲ. ಬಳಗದ ಭಾಗಗಳ ಮಟ್ಟಿಗೆ ಅದು ಸಂಖ್ಯೆ ಗೊತ್ತಿಲ್ಲದ್ದರ ಇನ್ನೊಂದು ಹೆಸರು. ಸಂಖ್ಯೆ ಗೊತ್ತಿಲ್ಲದಿರಲು ಕಾರಣವೂ ಸರಳ: ಕ್ಲ್ಯಾಂಪಿನ ಬಳಿ ಅಂಟಿಸಿದ ತೆಳು ಫಲಕ ಉಪ್ಪಿಗೆ, ಬಿಸಿಲಿಗೆ, ಬಲೆಯ ಉಜ್ಜಿಗೆ ಕೆಲವು ಮಳೆಗಾಲದಲ್ಲೇ ಬೋಳಾಗುತ್ತದೆ. ಫಲಕ ಹೋದ ಎಂಜಿನ್ನಿಗೆ ಬ್ಲಾಕಿನ ಮೇಲಿನ ಗುರುತೇ ಗತಿ. ಹಳೆಯ ಓಎಂಸಿ ಎಂಜಿನ್ನುಗಳಲ್ಲಿ ಬ್ಲಾಕಿಗೆ ಒತ್ತಿದ ದುಂಡು ಬಿಲ್ಲೆಯ ಮೇಲೆ ಫಲಕದಲ್ಲಿದ್ದ ಸಂಖ್ಯೆಯೇ ಇರುತ್ತದೆ.

ಆದ್ದರಿಂದ ಓಬಿಎಂ ಇಟ್ಟುಕೊಂಡವರಲ್ಲಿ ಒಂದು ವಿನಂತಿ. ಮಾದರಿಯ ಹೆಸರು, ಸರಣಿ ಸಂಖ್ಯೆ, ಇಂಪೆಲ್ಲರಿನ ಸಂಖ್ಯೆ, ಪ್ಲಗ್ಗಿನ ಸಂಖ್ಯೆ ಈ ನಾಲ್ಕನ್ನು ದೋಣಿಯ ಕಾಗದಪತ್ರದ ಒಳಪುಟದಲ್ಲಿ ಬರೆದಿಡಿ. ಮೊದಲ ಎರಡು ಆ ಫಲಕದಲ್ಲೇ ಇವೆ. ಅದು ಬೋಳಾಗುವ ಮೊದಲು, ಇವತ್ತೇ, ಅದರದೊಂದು ಫೋಟೊ ತೆಗೆಯಿರಿ.